ಹೆಸರು, ಹಸ್ತ, ಅಂಕಿತ

ಪ್ರಸಿದ್ಧರಾದವರನ್ನು ಕಣ್ಣಾರೆ ಕಂಡು, ಅವರ ಕೈಯಿಂದಲೇ ಅವರ ಹೆಸರನ್ನು ಬರೆಯಿಸಿಕೊಂಡು, ಆ ಹಾಳೆಯನ್ನು ಜೋಪಾನವಾಗಿ ಮನೆಗೊಯ್ಯಬೇಕೆಂಬ ಹಂಬಲವು ಶಾಲಾಬಾಲಕರ ಚಾಪಲ್ಯವೆಂದು ಹಿರಿಯರು ನಗುವುದುಂಟು; ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನೆಲದಲ್ಲಿ ನಿಂತು ಯೋಚಿಸುವವನಿಗೆ ಆ ಹಂಬಲವು ಅಷ್ಟು ಹಗುರವಾದುದಾಗಿ ತೋರದು.

ಲಿಂಗಸುಗೂರು ಹೈದರಾಬಾದು ಸಂಸ್ಥಾನದ ದಂಡಿನ ಠಾಣೆಯಾಗಿ, 1905ರವರೆಗೆ ಒಂದು ಜಿಲ್ಲೆಗೇ ಹೆಸರಿತ್ತು ಮೆರೆದ ಊರು. ಆ ವೈಭವವು ಅಳಿದು ಹತ್ತು ವರ್ಷಗಳಾದ ಮೇಲೆ, 1915ರಲ್ಲಿ, ಪ್ರಾಚೀನರು ಚಿನ್ನಕ್ಕಾಗಿ ಅಗೆದ ಕುಳಿಗಳನ್ನು ಅರಸುತ್ತ ಈ ಸೀಮೆಯಲ್ಲಿ ಅಲೆಯುತ್ತಿದ್ದ ಬೀಡನ್ ಎಂಬ ಎಂಜಿನಿಯರನು ಮಸ್ಕಿಯ ಗುಡ್ಡದ ಬಂಡೆಯೊಂದರಲ್ಲಿ ಬ್ರಾಹ್ಮೀ ಅಕ್ಷರಗಳನ್ನು ಕಂಡನು. 1837ರಲ್ಲಿ ಪ್ರಿನ್ಸೆಪ್ ಪಂಡಿತನು ಆ ಲಿಪಿಯನ್ನು ಓದಿ ತೋರಿದಂದಿನಿಂದ, ದೇಶದ ನಾನಾ ಭಾಗಗಳ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳನ್ನು ಮಾತ್ರ ಧರಿಸಿ ನಿಂತಿದ್ದ ಅರಸನು ಅಶೋಕನೇ ಎಂಬುದಕ್ಕೆ ಸಿಂಹಳದ ಗ್ರಂಥಗಳು ಆಧಾರವಾಗಿದ್ದುವಲ್ಲದೆ, ಆತನ ಧರ್ಮಶಾಸನಗಳಲ್ಲಿ ಎಲ್ಲಿಯೂ ಆ ಹೆಸರು ದೊರೆತಿರಲಿಲ್ಲ. ಎಚ್. ಕೃಷ್ಣಶಾಸ್ತ್ರಿಗಳು ಮಸ್ಕಿಯ ಪಾಠವನ್ನು ಪ್ರಕಟಿಸಿದಾಗ ‘ಅಸೋಕ’ ಎಂಬ ಹೆಸರು ವಿದ್ವಲ್ಲೋಕದ ಕಣ್ಣಿಗೆ ಬಿದ್ದಿತು. ಗುಜರ್ರಾ, ನಿಟ್ಟೂರು, ಉದೇಗೊಳಗಳಲ್ಲಿ ಅದೇ ಹೆಸರು ಸಿಕ್ಕಿದುದು ಆಮೇಲಿನ ಮಾತು.

ಆದರೆ ಅದು ಅರಸನ ಹೆಸರೇ ಹೊರತು ಅರಸನ ಕೈಬರಹವಲ್ಲ. ಕೈಬರಹವನ್ನು ನೋಡಬೇಕೆಂಬ ಕುತೂಹಲಿಯು ಮೊಳಕಾಲ್ಮೂರಿನ ಕಡೆಗೆ ಹೋಗಬೇಕು. 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತಾನು ಬರೆದುದಾಗಿ ನಮೂದಿಸಿ, ‘ಲಿಪಿಕರೇಣ’ ಎಂಬ ಒಂದು ಪದವನ್ನು ಮಾತ್ರ, ಬಲದಿಂದ ಎಡಕ್ಕೆ ಸಾಗುವ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿರುವನು. ಸುತ್ತಮುತ್ತ ಯಾರೂ ಓದಲಾರದ ಅಕ್ಷರದಲ್ಲಿ ತನ್ನ ವೃತ್ತಿಯನ್ನು ಸಾರಿದ ಈತನ ಜಂಬವನ್ನು ನಾನಂತೂ ಮನಸಾರೆ ಕ್ಷಮಿಸಿದ್ದೇನೆ. ಕೀರ್ತಿಯುಳ್ಳವನ ಹಸ್ತವು ನಮಗೆ ದೊರೆಯಲಿಲ್ಲ. ಹಸ್ತವು ದೊರೆತವನಿಗೆ ಕೀರ್ತಿಯಿರಲಿಲ್ಲ.

ಮಹನೀಯರಿಂದ ಹೆಸರನ್ನು ಪಡೆಯುವ ಬೇರೊಂದು ಪದ್ಧತಿಯು ಇದೇ ಸೀಮೆಯ ಹರಿದಾಸರಲ್ಲಿ ಬೆಳೆಯಿತು. ಸಿಂಧನೂರಿನ ನೆರೆಯ ಮಾನ್ವಿಯಲ್ಲಿ ಪಾಂಡಿತ್ಯದಿಂದ ಬೀಗುತ್ತಿದ್ದ ಶ್ರೀನಿವಾಸಾಚಾರ್ಯರು, ಚೀಕಲಪರವಿಯ ವಿಜಯದಾಸರು ಭೋಜನಕ್ಕೆ ಕರೆಯಲು, ಕನ್ನಡದಲ್ಲಿ ಹಾಡುವ ದಾಸರೊಡನೆ ಪಂಕ್ತಿಯೇಕೆಂದು ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರೆಂದೂ, ನೆವವೇ ನಿಜವಾಗಿ ನೋವು ಪ್ರಾಣಾಂತಿಕವಾಗಲು ವಿಜಯದಾಸರಲ್ಲಿಗೇ ಹೋಗಿ ಶರಣಾದರೆಂದೂ, ಅವರ ಆಣತಿಯಂತೆ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದು ಕೊಟ್ಟರೆಂದೂ ದಾಸಪಂಥದ ಐತಿಹ್ಯವು ಹೇಳುತ್ತದೆ. ಮುಂದೆ ಪಂಢರಾಪುರದಲ್ಲಿ ‘ಜಗನ್ನಾಥವಿಠಲ’ ಎಂಬ ಅಂಕಿತವನ್ನು ಪಡೆದು, ಅವರೇ ಹರಿಕಥಾಮೃತಸಾರದ ಜಗನ್ನಾಥದಾಸರಾದರು. ಇಲ್ಲಿ ದರ್ಶನಾರ್ಥಿಯು ಹಿರಿಯರ ಹೆಸರನ್ನು ಹಾಳೆಯ ಮೇಲೆ ಹೊತ್ತು ತರುವುದಿಲ್ಲ. ತನ್ನ ಹೆಸರನ್ನೇ ಅಲ್ಲಿ ಬಿಟ್ಟು ಬರುವನು. ಇಂದಿನ ಅಭಿಮಾನಿಗೆ ಅಷ್ಟು ಧೈರ್ಯವುಂಟೆ?

ನಾಟಕ, ಸಿನಿಮಾಗಳ ಕಾಲದಲ್ಲಿಯೂ ಈ ಹೆಸರಿಡುವ ರೂಢಿ ಉಳಿದುಬಂದಿತು. ಗುಬ್ಬಿ ಕಂಪನಿಯಲ್ಲಿ ಬೆಳೆದ ಮುತ್ತುರಾಜನಿಗೆ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಸಮಯದಲ್ಲಿ ‘ರಾಜಕುಮಾರ’ ಎಂಬ ಹೆಸರನ್ನಿತ್ತವರು ನಿರ್ದೇಶಕ ಎಚ್.ಎಲ್.ಎನ್. ಸಿಂಹ. ರಾಜಕುಮಾರನಾದರೋ ತನ್ನನ್ನು ನೋಡಬಂದವರನ್ನೇ ‘ಅಭಿಮಾನಿ ದೇವರುಗಳು’ ಎಂದು ಕರೆದು, ಪೂಜ್ಯ ಪೂಜಕರ ಸ್ಥಾನಗಳನ್ನು ಅದಲುಬದಲು ಮಾಡಿಬಿಟ್ಟನು.

ಸಾಹಿತಿಗಳ ದರ್ಶನಕ್ಕೆ ಸಮ್ಮೇಳನಗಳಿದ್ದುವು. ನಿಜಾಮರ ಆಳಿಕೆಯಲ್ಲಿ ಉರ್ದುವು ಕಚೇರಿಯ ಭಾಷೆಯಾಗಿದ್ದಾಗ, 1934ರಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನವು ಸೇರಿ, ‘ಕವಿಶಿಷ್ಯ’ನೆಂಬ ವಿನಯದ ನಾಮದಿಂದ ಬರೆಯುತ್ತಿದ್ದ ಪಂಜೆ ಮಂಗೇಶರಾಯರು ಅಧ್ಯಕ್ಷಪೀಠವನ್ನು ಅಲಂಕರಿಸಿದುದು ಈ ಸೀಮೆಗೆ ಸಾಮಾನ್ಯವಾದ ಸಂಗತಿಯಲ್ಲ. 2016ರಲ್ಲಿ ಬರಗೂರು ರಾಮಚಂದ್ರಪ್ಪನವರ ಅಧ್ಯಕ್ಷತೆಯಲ್ಲಿ 82ನೆಯ ಸಮ್ಮೇಳನವು ಅದೇ ನಗರದಲ್ಲಿ ನೆರೆಯುವ ಹೊತ್ತಿಗೆ ಹಸ್ತಾಕ್ಷರದ ಪುಸ್ತಕದ ಸ್ಥಾನವನ್ನು ಮೊಬೈಲಿನ ಸೆಲ್ಫಿಯು ಬಹುಮಟ್ಟಿಗೆ ಆಕ್ರಮಿಸಿತ್ತು. 1970ರಲ್ಲಿ ಸ್ಯಾನ್ ಡಿಯೇಗೊ ನಗರದಲ್ಲಿ ಮೊದಲಾದಂಥ ಅಮೆರಿಕದ ಅಭಿಮಾನಿಗಳ ಸಂತೆಗಳಲ್ಲಿ ನಟರು ಸಾಲಾಗಿ ಕುಳಿತು, ಸಹಿಗಿಷ್ಟು ಭಾವಚಿತ್ರಕ್ಕಿಷ್ಟು ಎಂದು ದರ ಕಟ್ಟುವುದುಂಟು. ದಕ್ಷಿಣೆಯು ನಮಗೆ ಹೊಸದಲ್ಲವಾದರೂ ದರಪಟ್ಟಿಯು ನಮ್ಮ ಮನಸ್ಸಿಗೆ ಒಗ್ಗುವಂಥದಲ್ಲ.

ಈ ಮೂರು ತಾಲೂಕುಗಳ ಯಾವುದಾದರೂ ಮನೆಯ ಹಳೆಯ ಪೆಟ್ಟಿಗೆಯಲ್ಲಿ 1934ರ ಸಮ್ಮೇಳನದ ಅಥವಾ ನಾಟಕ ಕಂಪನಿಗಳ ಕಾಲದ ಹಸ್ತಾಕ್ಷರದ ಪುಸ್ತಕವೇನಾದರೂ ಉಳಿದಿದ್ದರೆ, ಗೆದ್ದಲಿಗೆ ಒಪ್ಪಿಸದೆ, ಬರೆಯಿಸಿಕೊಂಡವರ ಹೆಸರನ್ನೂ ಊರನ್ನೂ ಅದರ ಮೊದಲ ಪುಟದಲ್ಲಿ ನಮೂದಿಸಿ ಸಮೀಪದ ಗ್ರಂಥಾಲಯಕ್ಕೆ ತಲುಪಿಸಬೇಕೆಂದು ವಾಚಕರನ್ನು ಬೇಡುತ್ತೇನೆ.