ಬರಿಗಾಲ ಓಟ: ತೊಗಲಿನಿಂದ ಎಲುಬಿನವರೆಗೆ

ಬರಿಗಾಲ ಓಟದ ಮಾತು ಬಂದಲ್ಲೆಲ್ಲ ಅಬೆಬೆ ಬಿಕಿಲನ ಹೆಸರು ಬಂದೇ ಬರುತ್ತದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಈ ಇಥಿಯೋಪಿಯದ ಸೈನಿಕ ಬರಿಗಾಲಲ್ಲೇ ಮ್ಯಾರಥಾನ್ ಗೆದ್ದ. ಅವನೇ 1964ರಲ್ಲಿ ಟೋಕಿಯೊದಲ್ಲಿ ಶೂ ತೊಟ್ಟು, ಮೂರು ನಿಮಿಷ ಬೇಗ ಓಡಿ, ಮತ್ತೆ ಚಿನ್ನ ಗೆದ್ದದ್ದನ್ನು ಹೇಳುವವರು ಕಡಿಮೆ. ಬರಿಗಾಲೋ ಶೂವೋ ಎಂಬ ವಾದ ಪದಕಗಳಿಂದ ತೀರುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಹಿಮ್ಮಡಿಗೆ ಮೆತ್ತೆಯಿಟ್ಟ ಓಟದ ಶೂಗಳು ಮಾರುಕಟ್ಟೆ ತುಂಬಿದವು. ಮೆತ್ತೆ ಹೆಚ್ಚಾದಷ್ಟೂ ಅಂಗಾಲಿಗೆ ನೆಲದ ಸುಳಿವು ಸಿಗುವುದಿಲ್ಲ, ಪೆಟ್ಟನ್ನು ತಗ್ಗಿಸಿಕೊಳ್ಳುವ ಸಹಜ ಎಚ್ಚರವೂ ಮಂಕಾಗುತ್ತದೆ ಎಂದು ಕೆನಡಾದ ಸಂಶೋಧಕ ಸ್ಟೀವನ್ ರಾಬಿನ್ಸ್ 1987ರಲ್ಲಿ ವಾದಿಸಿದರು. ಆಗ ಅದನ್ನು ಕೇಳಿಸಿಕೊಂಡವರು ಹೆಚ್ಚಿರಲಿಲ್ಲ.

ಆ ಕಾಲದ ಗಟ್ಟಿ ಕೆಲಸವೊಂದು ನಡೆದದ್ದು ನಮ್ಮ ಮಣಿಪಾಲದಲ್ಲಿ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಮಂದಿಗೆ ಚಪ್ಪಟೆ ಪಾದ. ಬರಿಗಾಲ ಮಕ್ಕಳಲ್ಲಿ ಶೇ. 2.8 ಮಾತ್ರ. ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. 1992ರಲ್ಲಿ ಪ್ರಕಟವಾದ ಈ ಸಮೀಕ್ಷೆಯನ್ನು ಪರದೇಶದ ಬರಿಗಾಲ ಪ್ರಚಾರಕರು ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ ಅದು ಬೆಳೆಯುವ ಮಕ್ಕಳ ಪಾದದ ಕಮಾನಿನ ವಿಷಯ. ನಲವತ್ತರ ಹರೆಯದ ಆಫೀಸು ನೌಕರ ನಾಳೆಯೇ ಶೂ ಬಿಚ್ಚಿ ಓಡಬಹುದು ಎಂದು ಅದು ಎಲ್ಲೂ ಹೇಳಿಲ್ಲ.

ಹಾಗೆ ಓಡುವ ಹುಚ್ಚು ಹತ್ತಿದ್ದು 2009ರಲ್ಲಿ, ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಬರೆದ ‘ಬಾರ್ನ್ ಟು ರನ್’ ಪುಸ್ತಕ ಬಂದ ಮೇಲೆ. ಮರುವರ್ಷವೇ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ ‘ನೇಚರ್’ ಪತ್ರಿಕೆಯಲ್ಲಿ, ಬರಿಗಾಲಲ್ಲಿ ಓಡಿ ರೂಢಿಯಾದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಅದರಿಂದ ಹಿಮ್ಮಡಿಗೆ ಬೀಳುವ ಪೆಟ್ಟು ತಪ್ಪುತ್ತದೆ ಎಂದಿತು. ಐದು ಬೆರಳಿನ ಕೈಗವಸಿನಂಥ ತೆಳು ಶೂಗಳು ಭರದಿಂದ ಖರ್ಚಾದವು. 2013ರಲ್ಲಿ ಈ ಹುಚ್ಚಿನ ಮೇಲೆ ಎರಡು ಸಲ ತಣ್ಣೀರು ಬಿತ್ತು. ಉತ್ತರ ಕೆನ್ಯಾದ ದಾಸನಚ್ ಜನ ಬರಿಗಾಲಿಗರೇ ಆದರೂ ಸಾಮಾನ್ಯ ವೇಗದಲ್ಲಿ ಬಹುಪಾಲು ಹಿಮ್ಮಡಿಯನ್ನೇ ಮೊದಲು ಊರುವುದು ಕಂಡುಬಂತು. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಹತ್ತು ವಾರಗಳಲ್ಲಿ ಆ ತೆಳು ಶೂಗೆ ಬದಲಾದವರ ಪೈಕಿ ಅರ್ಧದಷ್ಟು ಜನರ ಪಾದದ ಎಲುಬಿನೊಳಗೆ ಬಾವು ಎಂಆರ್‌ಐನಲ್ಲಿ ಕಾಣಿಸಿತು. ಮರುವರ್ಷ, ಆ ಶೂ ತಯಾರಿಸುವ ವಿಬ್ರಂ ಕಂಪನಿ, ಆರೋಗ್ಯಲಾಭದ ಜಾಹೀರಾತಿನ ಮೇಲಿನ ಮೊಕದ್ದಮೆಯನ್ನು 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಅಂಗಾಲಿನ ತೊಗಲಿನ ಬಗ್ಗೆ ಮಾತ್ರ ಒಳ್ಳೆಯ ಸುದ್ದಿಯಿದೆ. ಜಡ್ಡುಗಟ್ಟಿದ ಪಾದಕ್ಕೆ ಸ್ಪರ್ಶಜ್ಞಾನ ಕುಂದುವುದಿಲ್ಲ ಎಂದು 2019ರಲ್ಲಿ ಲೀಬರ್‌ಮನ್ ಬಳಗವೇ ಕೆನ್ಯಾದಲ್ಲಿ ಅಳೆದು ತೋರಿಸಿತು. ತೊಡಕಿರುವುದು ಬೇರೆಡೆ: ತೊಗಲು ಕೆಲವು ವಾರಗಳಲ್ಲಿ ಗಟ್ಟಿಯಾಗುತ್ತದೆ, ಮೀನಖಂಡದ ಸ್ನಾಯುರಜ್ಜು ಮತ್ತು ಎಲುಬಿಗೆ ತಿಂಗಳುಗಳೇ ಬೇಕು. ಅಂಗಾಲು ಉರಿಯುವುದು ನಿಂತಿತೆಂದು ದೂರ ಹೆಚ್ಚಿಸುವವರೇ ಪೆಟ್ಟು ತಿನ್ನುತ್ತಾರೆ.

ಹಾಗಾಗಿ ಮೊದಲು ಮನೆಯಲ್ಲಿ, ಅಂಗಳದಲ್ಲಿ ಬರಿಗಾಲಲ್ಲಿ ನಡೆದು ರೂಢಿಸಿಕೊಳ್ಳಿ. ಆಮೇಲೆ ಎಂದಿನ ಓಟದ ಕೊನೆಯಲ್ಲಿ ಕೆಲವೇ ನಿಮಿಷ, ದಿನ ಬಿಟ್ಟು ದಿನ. ಪಾದದ ಮೇಲ್ಭಾಗದಲ್ಲಿ ಒತ್ತಿದರೆ ನೋಯುವ ಜಾಗ ಸಿಕ್ಕಿತೋ, ನಿಲ್ಲಿಸಿ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಈ ಸಾಹಸಕ್ಕೆ ಕೈಹಾಕಲೇಬಾರದು.