ಫೈಬರ್ ಅಚ್ಚಿನ ಚರಿತ್ರೆ: ಮಾವನ ಡಾಲ್ಫಿನ್ ಕಾರಿಂದ ವಡೋದರಾದ ಟೆರೇಸಿನವರೆಗೆ

ಇದು ಹೋದ ವಾರದ ವಿಡಿಯೋದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೀನಿ, ನನ್ನ "ಅಂದ್ರೆ, ಅಂದ್ರೆ"ಗಳನ್ನ ಆದಷ್ಟು ತೆಗೆದಿದ್ದೀನಿ.

ಬೆಂಗಳೂರಲ್ಲಿ ತಯಾರಾದ ಕಾರು ಯಾವುದು ಅಂತ ಕೇಳಿದರೆ ನಮ್ಮ ಆಫೀಸಿನ ಕನ್ನಡದವರು ರೇವಾ ಅಂತಾರೆ, ಇಲ್ಲ ಬಿಡದಿಯ ಟೊಯೋಟಾ ಅಂತಾರೆ. ಅವೆರಡಕ್ಕೂ ಹೆಚ್ಚು ಕಡಿಮೆ ಎರಡು ದಶಕ ಮುಂಚೆ, 1982ರಲ್ಲಿ, ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಅನ್ನೋ ಪುಟ್ಟ ಕಾರು ತಂದಿತ್ತು. ಎರಡು ಬಾಗಿಲು, 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸ್. ಅದಕ್ಕೂ ಹಿಂದೆ, 1970ರ ದಶಕದಲ್ಲಿ, ಇದೇ ಜನ ಬಾದಲ್ ಅನ್ನೋ ಮೂರು ಚಕ್ರದ ಫೈಬರ್ ಕಾರು ಮಾಡಿದ್ದರು.

ನನ್ನ ಸೋದರಮಾವನ ಹತ್ತಿರ ಒಂದು ಡಾಲ್ಫಿನ್ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅರಸೀಕೆರೆಯ ಶೆಡ್ಡಲ್ಲಿ ಈಗಲೂ ನಿಂತಿದೆ, ತಿಂಗಳಿಗೊಮ್ಮೆ ಓಡುತ್ತೆ. ಎರಡು ವರ್ಷದ ಹಿಂದೆ ಶೆಡ್ಡಿನ ತೊಲೆ ಬಿದ್ದು ಬಾನೆಟ್ ಉದ್ದಕ್ಕೆ ಸೀಳಿತು. ಆ ಬಾನೆಟ್ ಎಲ್ಲಿ ಸಿಗಬೇಕು? ಆಗ ನಾನು ಬೆಂಗಳೂರು ಬಿಟ್ಟು ವಡೋದರಾಕ್ಕೆ ಮನೆ ಸಾಗಿಸ್ತಾ ಇದ್ದೆ. "ಅಚ್ಚು ತೆಗೆದು ಹೊಸದು ಮಾಡ್ತೀನಿ ಮಾವ" ಅಂತ ಜಂಬ ಕೊಚ್ಚಿ, ಬೆಡ್‌ಶೀಟ್ ಸುತ್ತಿ, ಸಾಮಾನಿನ ಲಾರಿಯಲ್ಲಿ ಹಾಕಿಕೊಂಡು ಬಂದೆ. ಎಂಟೆಕ್ ಮಾಡಿದವನಿಗೆ ಇರುವ ಧೈರ್ಯ.

ಕಾರಿಗೆ ಗಾಜಿನ ನಾರು ಯಾಕೆ ಬಂತು ಅನ್ನೋದನ್ನ ಸ್ವಲ್ಪ ನೋಡೋಣ. ಅಮೆರಿಕದ ಓಹಾಯೋದಲ್ಲಿ 1932ರಲ್ಲಿ ಡೇಲ್ ಕ್ಲೈಸ್ಟ್ ಅನ್ನೋ ಯುವಕ ಗಾಜಿನ ಇಟ್ಟಿಗೆಗಳನ್ನ ಬೆಸೆಯೋಕೆ ಹೋಗಿದ್ದ. ಗಾಳಿಯ ರಭಸಕ್ಕೆ ಕರಗಿದ ಗಾಜು ಸಣ್ಣ ಎಳೆಗಳಾಗಿ ಹಾರಿತು. ಅದನ್ನ ಬೆಳೆಸಿದ ಓವೆನ್ಸ್ ಕಾರ್ನಿಂಗ್ ಕಂಪನಿ ಶುರುವಾಗಿದ್ದು 1938ರಲ್ಲಿ. ಮುಂದೆ ಆ ಎಳೆಗೆ ಪಾಲಿಯೆಸ್ಟರ್ ರೆಸಿನ್ ಜೊತೆಯಾಯಿತು. 1953ರಲ್ಲಿ ಷೆವರ್ಲೆ ಕಾರ್ವೆಟ್ ಇದೇ ಮೈಯಲ್ಲಿ ಬಂತು. ಮೊದಲ ವರ್ಷ 300 ಕಾರು ಅಷ್ಟೇ.

ಆ 300ರಲ್ಲೇ ಗುಟ್ಟಿದೆ. ಉಕ್ಕಿನ ಹಾಳೆಯನ್ನ ಒತ್ತೋಕೆ ಭಾರಿ ಪ್ರೆಸ್ಸು, ಭಾರಿ ಡೈಗಳು ಬೇಕು. ಲಕ್ಷಗಟ್ಟಲೆ ಕಾರು ಮಾರಿದರೆ ಮಾತ್ರ ಆ ಖರ್ಚು ಹುಟ್ಟುತ್ತೆ. ಫೈಬರ್ ಅಚ್ಚನ್ನ ಒಂದು ಶೆಡ್ಡಲ್ಲಿ ಕೈಯಲ್ಲೇ ಮಾಡಬಹುದು. ಆದರೆ ಒಂದೊಂದು ತುಂಡೂ ಅಚ್ಚಲ್ಲಿ ಗಂಟೆಗಟ್ಟಲೆ ಕೂರಬೇಕು. ಶುರು ಮಾಡೋದು ಅಗ್ಗ, ಬೆಳೆಯೋದು ಕಷ್ಟ. (ಸಾಫ್ಟ್‌ವೇರಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾ?)

ಇಂಗ್ಲೆಂಡಿನ ಟ್ಯಾಮ್‌ವರ್ತ್‌ನ ರಿಲಯಂಟ್ ಕಂಪನಿ ಈ ಲೆಕ್ಕದ ಮೇಲೇ ಬದುಕಿತ್ತು. ರಿಲಯನ್ಸ್ ಅಲ್ಲ, ರಿಲಯಂಟ್. ಗುಜರಾತಲ್ಲಿ ಇದನ್ನ ಮೂರು ಸಲ ಹೇಳಬೇಕಾಗುತ್ತೆ. ಅವರ ಕಿಟನ್ ಅನ್ನೋ ಕಾರೇ ನಮ್ಮ ಡಾಲ್ಫಿನ್‌ಗೆ ಮೂಲ. ಹಗುರ, ತುಕ್ಕಿಲ್ಲ, ರ‍್ಯಾಲಿ ಓಡಿಸೋರಿಗೆ ಅಚ್ಚುಮೆಚ್ಚು. ಆದರೆ 1983ರ ಡಿಸೆಂಬರಲ್ಲಿ ಮಾರುತಿ 800 ಬಂತು, ಉಕ್ಕಿನ ಮೈ, ನಾಲ್ಕು ಬಾಗಿಲು. ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾ ತಂದರೂ ಆ ಓಟಕ್ಕೆ ಸಮ ಆಗಲಿಲ್ಲ. "ಫೈಬರ್ ಡಬ್ಬ" ಅಂತ ಜನ ಹಂಗಿಸಿದ್ದು ಕಾರಣ ಅಂತ ಮಾವ ಹೇಳ್ತಾರೆ. ನನ್ನ ಪ್ರಕಾರ ಸೋತಿದ್ದು ಫೈಬರ್ ಅಲ್ಲ, ಸಂಖ್ಯೆ.

ಗುಜರಾತಿಗೆ ಬರೋಣ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಊರು ನನಗೆ ಸಿಗ್ತಿರಲಿಲ್ಲ. ವಡೋದರಾದಲ್ಲಿ 1969ರಲ್ಲಿ ಐಪಿಸಿಎಲ್ ಬಂದಾಗಿನಿಂದ ಪೆಟ್ರೋಕೆಮಿಕಲ್ ಇಲ್ಲಿನ ಮನೆಮಾತು. ಅಹಮದಾಬಾದ್ ಹತ್ತಿರದ ಕಲೋಲ್‌ನ ಬಟ್ಟೆ ಗಿರಣಿಯವರೇ 1970ರ ದಶಕದಲ್ಲಿ ಸಿಂಟೆಕ್ಸ್ ನೀರಿನ ಟ್ಯಾಂಕ್ ತಂದಿದ್ದು. ಸೂರತ್‌ನ ಸೀರೆಯ ಪಾಲಿಯೆಸ್ಟರ್ ಮತ್ತು ನನ್ನ ಡಬ್ಬದ ರೆಸಿನ್ ದಾಯಾದಿಗಳು. ರೆಸಿನ್‌ನ ಸರಪಳಿಯಲ್ಲಿ ಕೊಂಡಿ ಹಾಕೋಕೆ ಜಾಗ ಉಳಿದಿರುತ್ತೆ, ಸ್ಟೈರೀನ್ ಬಂದು ಆ ಕೊಂಡಿ ಹಾಕುತ್ತೆ, ಅದಕ್ಕೇ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲ್ಲ. ಇನ್ನೊಂದು ನಂಟು ನನಗೆ ತುಂಬ ಇಷ್ಟ: ನಮ್ಮ ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಕಾರ್ಬನ್ ಫೈಬರ್ ತಂತ್ರಜ್ಞಾನ 2010ರಲ್ಲಿ ಕಾರ್ಖಾನೆ ಮಟ್ಟಕ್ಕೆ ಬಂದಿದ್ದು ವಡೋದರಾ ಬಳಿಯ ಕೆಮ್ರಾಕ್‌ನಲ್ಲಿ. ಆ ಕಂಪನಿ ಸಾಲದಲ್ಲಿ ಮುಳುಗಿ, ಅದರ ಆಸ್ತಿಯನ್ನ ಆಮೇಲೆ ರಿಲಯನ್ಸ್ ಕೊಂಡಿತು. ಈ ಸಲ ನಿಜವಾಗಿಯೂ ರಿಲಯನ್ಸ್.

ನನ್ನ ಕೆಲಸ ಅಪಾರ್ಟ್‌ಮೆಂಟಿನ ಟೆರೇಸಲ್ಲಿ, ಮೇ ತಿಂಗಳಲ್ಲಿ. ಬಾನೆಟ್‌ನ ಸೀಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಎನ್‌ಸಿ ಪೇಂಟ್ ಹೊಡೆದೆ. ಎರಡೇ ದಿನ ಒಣಗಿಸಿ ವ್ಯಾಕ್ಸ್ ಹಚ್ಚಿದೆ. ಅದರ ಮೇಲೆ ಜೆಲ್‌ಕೋಟ್, ಆಮೇಲೆ ಗಾಜಿನ ಮ್ಯಾಟ್, ರೆಸಿನ್, ಮತ್ತೆ ಮ್ಯಾಟ್. ಹಾರ್ಡನರನ್ನ ನೂರಕ್ಕೆ ಎರಡರಂತೆ ಹಾಕಿದ್ದೆ. 42 ಡಿಗ್ರಿ ಬಿಸಿಲಲ್ಲಿ ಎರಡನೇ ಮಗ್ ರೆಸಿನ್ ಕೈಯಲ್ಲಿದ್ದಂಗೇ ಗಟ್ಟಿಯಾಗಿ ಹೊಗೆ ಬಂತು. ಆಮೇಲೆ ಬೆಳಗ್ಗೆ ಆರಕ್ಕೆ ಎದ್ದು, ಪ್ರಮಾಣ ಒಂದಕ್ಕೆ ಇಳಿಸಿ ಮುಗಿಸಿದೆ. ಮನೆಯಲ್ಲಿ ಮಾಡೋರಿಗೆ ಒಂದು ಮಾತು: ಹಾರ್ಡನರ್ ಮತ್ತು ಕೋಬಾಲ್ಟ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸಿಡಿಯುತ್ತೆ. ಒಂದನ್ನ ರೆಸಿನ್‌ಗೆ ಪೂರ್ತಿ ಕಲಸಿದ ಮೇಲೇ ಇನ್ನೊಂದು. ಕನ್ನಡಕ, ಗ್ಲೌಸ್, ಆವಿಗೆ ತಕ್ಕ ಮಾಸ್ಕ್ ಇಲ್ಲದೆ ಡಬ್ಬ ತೆರೆಯಲೇಬೇಡಿ.

ಒಂದು ವಾರದ ನಂತರ ಮರದ ಬೆಣೆ ಹೊಡೆದೆ, ಸಂದಿಗೆ ನೀರು ಬಿಟ್ಟೆ. ಬಿಡಲೇ ಇಲ್ಲ. ಜೆಲ್‌ಕೋಟ್‌ನ ಸ್ಟೈರೀನ್ ನನ್ನ ಹಸಿ ಪೇಂಟನ್ನ ತಿಂದು ಎರಡೂ ಒಂದಾಗಿದ್ದವು. ವ್ಯಾಕ್ಸ್ ಮೇಲೆ ಪಿವಿಎ ಬಳಿದಿದ್ದರೆ ಬಹುಶಃ ಉಳಿಯುತ್ತಿತ್ತು. ಗಣಪತಿ ಮೂರ್ತಿಗೆ ಫೈಬರ್ ಅಚ್ಚು ಮಾಡುವ ಒಬ್ಬರನ್ನ ಕರೆತಂದೆ. ಅವರು ಸುತ್ತ ಬೆರಳಲ್ಲಿ ತಟ್ಟಿ ಕೇಳಿಸಿಕೊಂಡು, "ಭಾಯ್, ಎರಡರಲ್ಲಿ ಒಂದು ಮಾತ್ರ ಉಳಿಯುತ್ತೆ, ಯಾವುದು ಬೇಕು?" ಅಂದರು.

ಮಾವನಿಗೆ ಫೋನ್ ಮಾಡಿದೆ. ಸುಮಾರು ಹೊತ್ತು ಸುಮ್ಮನಿದ್ದರು. "ಹಳೇದು ಹೆಂಗೂ ಸೀಳಿತ್ತಲ್ಲೋ. ಅಚ್ಚು ಉಳಿಸ್ಕೋ."

ಬಾನೆಟ್ ಹಳೇ ಸೀಳಿನಲ್ಲೇ ಎರಡು ತುಂಡಾಗಿ ಬಂತು. ಅಚ್ಚಿನ ಒಳಮೈಗೆ ಅಂಟಿದ್ದ ಪೇಂಟನ್ನ 400, 800, 1200ರ ವಾಟರ್ ಪೇಪರಲ್ಲಿ ಮೂರು ವಾರ ಉಜ್ಜಿದೆ. ಈ ಸಲ ವ್ಯಾಕ್ಸ್ ಆರು ಕೋಟು, ಮೇಲೆ ಪಿವಿಎ. ಹೊಸ ಬಾನೆಟ್ ಕೈಯಲ್ಲೇ ಎದ್ದು ಬಂತು. ಎಡಮೂಲೆಯಲ್ಲಿ ಸಣ್ಣ ಅಲೆ ಇದೆ, ನನಗೆ ಮಾತ್ರ ಕಾಣುತ್ತೆ ಅಂದುಕೊಂಡಿದ್ದೆ. ದೀಪಾವಳಿಗೆ ಊರಿಗೆ ಒಯ್ದಾಗ ಮಾವ ಮೊದಲು ಕೈಯಿಟ್ಟಿದ್ದೇ ಅಲ್ಲಿ. ಆಮೇಲೆ ಹಿಂಜ್ ಕೂರಿಸಿ, ಬಣ್ಣ ಹೊಡೆಯದೆ ಹಾಗೇ ಬಸ್ ಸ್ಟ್ಯಾಂಡಿನವರೆಗೆ ಓಡಿಸಿಕೊಂಡು ಬಂದರು.

ಅಚ್ಚು ನನ್ನ ಬಾಲ್ಕನಿಯಲ್ಲೇ ಇದೆ. ಯಾರ ಮನೆಯಲ್ಲಾದರೂ ಡಾಲ್ಫಿನ್ ಇದ್ದು ಬಾನೆಟ್ ಬೇಕಿದ್ದರೆ ಹೇಳಿ. ಮೇ ತಿಂಗಳೊಂದು ಬಿಟ್ಟು.