ಕೆಳದಿ ಅರಸರ ರಾಜಧಾನಿಗಳು: ಅಳಿದುದು ಮತ್ತು ಉಳಿದುದು

ಮಲೆನಾಡಿನ ಚರಿತ್ರೆಯನ್ನು ಅರಿಯಬಯಸುವವರು ಕೆಳದಿ, ಇಕ್ಕೇರಿ, ಬಿದನೂರು ಎಂಬ ಮೂರು ಹೆಸರುಗಳನ್ನು ಒಟ್ಟಿಗೇ ನೆನೆಯಬೇಕಾಗುತ್ತದೆ. ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಚೌಡಪ್ಪನಿಂದ ಮೊದಲಾಗಿ 1763ರಲ್ಲಿ ರಾಣಿ ವೀರಮ್ಮಾಜಿಯೊಡನೆ ಮುಗಿದ ವೀರಶೈವ ಅರಸುಮನೆತನವು ಈ ಮೂರು ಊರುಗಳನ್ನು ಒಂದಾದ ಮೇಲೊಂದರಂತೆ ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡಿತ್ತು. ಇವುಗಳ ವಿಷಯವಾಗಿ ಹಲವು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಆದರೆ ಹೇಳಿದ ಪಾಠದ ಅರ್ಥ ತಿಳಿದದ್ದು ನಿವೃತ್ತನಾದ ಮೇಲೆಯೇ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಭದ್ರಾವತಿಯಲ್ಲಿ ಉಪಾಧ್ಯಾಯನಾಗಿದ್ದಾಗ, ಸುಮಾರು ಮೂವತ್ತು ವರ್ಷಗಳ ಹಿಂದೆ, ಏಳನೆಯ ತರಗತಿಯ ಮಕ್ಕಳನ್ನು ಹೊಸನಗರ ತಾಲ್ಲೂಕಿನ ನಗರಕ್ಕೆ ಕರೆದೊಯ್ದಿದ್ದೆ. ಹಿಂದಿನ ಬಿದನೂರೇ ಇಂದಿನ ನಗರ. ಕೋಟೆಯ ಬುರುಜು, ಕಂದಕ, ಒಳಗಿನ ಅಕ್ಕ-ತಂಗಿ ಕೊಳಗಳನ್ನು ತೋರಿಸಿ, ಶಿವಪ್ಪನಾಯಕನ ವೈಭವವನ್ನು ಬಣ್ಣಿಸುತ್ತಿದ್ದಾಗ ಹುಡುಗನೊಬ್ಬನು, “ಅರಮನೆ ಎಲ್ಲಿ, ಸಾರ್?” ಎಂದು ಕೇಳಿದ. ಹಾಳಾಯಿತೆಂದೆ. “ಹಾಳಾದದ್ದಾದರೂ ಎಲ್ಲಿದೆ?” ಎಂದು ಮತ್ತೆ ಕೇಳಿದ. ನೆಲಗಟ್ಟಿನ ಕಲ್ಲುಗಳನ್ನು ತೋರಿಸಿ ಸುಮ್ಮನಾದೆ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಳೆದ ಕಾರ್ತಿಕದಲ್ಲಿ ಅದೇ ಪ್ರಶ್ನೆಯನ್ನು ಹೊತ್ತು ಈ ಸ್ಥಳಗಳನ್ನು ಮತ್ತೊಮ್ಮೆ ಸಂದರ್ಶಿಸಿ ಬಂದೆ.

ಮೊದಲು ನಿಂತದ್ದು ಶಿವಮೊಗ್ಗದಲ್ಲಿ. ತುಂಗಾತೀರದ ಶಿವಪ್ಪನಾಯಕನ ಅರಮನೆ ಇಂದು ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಹೆಸರು ಶಿವಪ್ಪನಾಯಕನದಾದರೂ ಈಗಿರುವ ಕಟ್ಟಡ ಹೈದರನ ಕಾಲದ್ದೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಅದೇನೇ ಇರಲಿ, ಅಲ್ಲಿಯ ದರ್ಬಾರು ಮಂಟಪದ ದಪ್ಪ ಮರದ ಕಂಬಗಳನ್ನು ನೋಡಿದಾಗ ಆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ದೊರೆಯಿತು. ಮಲೆನಾಡಿನಲ್ಲಿ ಅರಮನೆಯೆಂದರೆ ಮಣ್ಣು ಮತ್ತು ಮರ. ಮಾಡು ಭದ್ರವಾಗಿರುವತನಕ ಅದು ನಿಲ್ಲುತ್ತದೆ. ಮಾಡು ಕುಸಿದರೆ ಇಲ್ಲಿಯ ಮಳೆಗೆ ಕೆಲವೇ ವರ್ಷಗಳ ಕೆಲಸ. ಹಾಳಾದ ಅರಮನೆ ಹಾಳಾಗಿಯೂ ಉಳಿಯುವುದಿಲ್ಲ, ಮಣ್ಣಿಗೆ ಮಣ್ಣಾಗಿ ಸೇರಿಹೋಗುತ್ತದೆ.

ಸಾಗರದ ಸಮೀಪದ ಇಕ್ಕೇರಿಯಲ್ಲಿ ಇದು ಇನ್ನಷ್ಟು ಸ್ಪಷ್ಟವಾಯಿತು. ಅಘೋರೇಶ್ವರ ದೇವಾಲಯವು ಕಲ್ಲಿನ ಕಟ್ಟಡವಾದುದರಿಂದ ನಿಂತಿದೆ. ಗರ್ಭಗೃಹವನ್ನು ಬಹುಪಾಲು ತುಂಬಿಕೊಂಡ ಪೀಠದ ಸುತ್ತ ಕುಳಿತ ಭಂಗಿಯ 32 ಸ್ತ್ರೀಮೂರ್ತಿಗಳಿವೆ. ನೆಲಹಾಸಿನ ಮೇಲೆ ದೇವರಿಗೆ ನಮಿಸುತ್ತಿರುವ ಮೂವರು ಕೆಳದಿ ನಾಯಕರ ಆಕೃತಿಗಳಿದ್ದು, ಅವರಲ್ಲೊಬ್ಬನಿಗೆ ಕೈಕಾಲುಗಳಲ್ಲಿ ಬೇಡಿ ತೊಡಿಸಿದೆ. ತಮ್ಮ ವಂಶದವನ ಬೇಡಿಯನ್ನೂ ಮರೆಮಾಚದೆ, ಭಕ್ತರು ನಡೆದಾಡುವ ನೆಲದಲ್ಲಿಯೇ ಕೆತ್ತಿಸಿದ ಅರಸರ ಮನೋಧರ್ಮ ಗಮನಾರ್ಹವಾದುದು. ಆದರೆ ದೇವಾಲಯದ ಸುತ್ತಲಿದ್ದ ಪಟ್ಟಣ ಎಲ್ಲಿಯೂ ಕಾಣದು.

ಆ ಪಟ್ಟಣವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ. 1623ರ ನವೆಂಬರಿನಲ್ಲಿ, ವೆಂಕಟಪ್ಪನಾಯಕನ ಆಳ್ವಿಕೆಯಲ್ಲಿ, ಗೋವೆಯಿಂದ ಬಂದ ಪೋರ್ಚುಗೀಸರ ರಾಯಭಾರದೊಡನೆ ಅವನು ಇಕ್ಕೇರಿಗೆ ಬಂದ. ಊರಿಗೆ ಮೂರು ಸುತ್ತಿನ ಆವರಣಗಳಿದ್ದುವೆಂದೂ, ಹೊರಗಿನ ಎರಡು ಗೋಡೆಗಳಲ್ಲದೆ ಒತ್ತಾಗಿ ಬೆಳೆಸಿದ ಬಿದಿರಿನ ಮೆಳೆಗಳೆಂದೂ ಅವನು ಬರೆದಿದ್ದಾನೆ. ಕುದುರೆಯಾಗಲಿ ಕಾಲಾಳಾಗಲಿ ನುಗ್ಗಲಾರದ ಜೀವಂತ ಕೋಟೆಯದು. ಬಿದಿರಿನ ಕೋಟೆಯ ಗುರುತನ್ನು ನಾನೂರು ವರ್ಷಗಳ ಮೇಲೆ ಹುಡುಕುವುದು ವ್ಯರ್ಥವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಪ್ರವಾಸಿಯ ಬರಹದಲ್ಲಿ ಉಪಾಧ್ಯಾಯನಾದ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೊಂದಿದೆ. ಘಟ್ಟವನ್ನೇರಿ ಇಕ್ಕೇರಿಗೆ ಬರುವ ದಾರಿಯಲ್ಲಿ, ಗುಡಿಯೊಂದರ ಜಗಲಿಯಲ್ಲಿ, ಕೆಲವು ಹುಡುಗರು ನೆಲದ ಮೇಲೆ ನವಿರಾದ ಮರಳನ್ನು ಹರಡಿ ಬೆರಳಿನಿಂದ ಬರೆಯುತ್ತ ಲೆಕ್ಕ ಕಲಿಯುತ್ತಿದ್ದರಂತೆ. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹೇಳಿ ಬರೆದರೆ ಉಳಿದವರೂ ಹಾಗೆಯೇ ಹೇಳಿ ಬರೆಯುವರು. ಮರಳು ತುಂಬಿದರೆ ಅಳಿಸಿ ಹೊಸ ಮರಳು ಹರಡುವರು. ರಾಜಧಾನಿಗೆ ಹೊರಟಿದ್ದ ವಿದೇಶೀಯನೊಬ್ಬನು ನಿಂತು ನೋಡಿ ಬರೆದಿಟ್ಟದ್ದು ಈ ನಾಲ್ಕಾರು ಹುಡುಗರ ಮರಳಿನ ಬರಹವನ್ನು. ಬರೆದೊಡನೆ ಅಳಿಯುವ ಅಕ್ಷರವು ಹುಡುಗನ ನಾಲಗೆಯಲ್ಲಿ ನಿಲ್ಲುತ್ತಿತ್ತು.

1637ರಲ್ಲಿ ಬಿಜಾಪುರದ ಸೈನ್ಯವು ಇಕ್ಕೇರಿಯ ಮೇಲೆ ಎರಗಿದ ತರುವಾಯ, ವೀರಭದ್ರನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಹೋಯಿತು. ಟಂಕಸಾಲೆಯೂ ಅಲ್ಲಿಗೆ ಹೋಯಿತಾದರೂ ನಾಣ್ಯಕ್ಕೆ ಮಾತ್ರ ಇಕ್ಕೇರಿ ವರಹವೆಂಬ ಹೆಸರೇ ಉಳಿಯಿತು. ಬಿದನೂರನ್ನು ದೊಡ್ಡ ನಗರವನ್ನಾಗಿ ಬೆಳೆಸಿದವನು 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕ. ಅವನ ಹೆಸರು ಇಂದಿಗೂ ರೈತರ ಬಾಯಲ್ಲಿರುವುದು ಕೋಟೆಯಿಂದಲ್ಲ, ಶಿಸ್ತಿನಿಂದ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯಿಂದ ಒಂದು ಹೊಲವನ್ನು ಆರಿಸಿ, ಹನ್ನೆರಡು ವರ್ಷ ಸತತವಾಗಿ ಸರ್ಕಾರದ ವತಿಯಿಂದ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ವೆಚ್ಚ, ಬಂದ ಬೆಳೆ, ಅದರ ಬೆಲೆ ಇವಿಷ್ಟನ್ನೂ ಲೆಕ್ಕವಿಡಿಸಿದನೆಂದು ಹೇಳಲಾಗಿದೆ. ಅದರ ಸರಾಸರಿಯ ಮೂರರಲ್ಲೊಂದು ಪಾಲು ಅರಸನ ಕಂದಾಯವಾಯಿತು. ಕೊಡಬೇಕಾದುದೆಷ್ಟೆಂದು ರೈತನಿಗೆ ಮೊದಲೇ ತಿಳಿದಿರುವುದು ಅವನಿಗೊಂದು ರಕ್ಷೆ. ಅಧಿಕಾರಿಯ ಬಾಯಿಮಾತು ಅಲ್ಲಿಗೆ ನಿಲ್ಲುತ್ತದೆ. ಕಾಯಕದ ಫಲವನ್ನು ಅಳೆಯದೆ ಕಸಿದುಕೊಳ್ಳುವುದು ಅನ್ಯಾಯವೆಂಬ ತಿಳಿವಳಿಕೆ ಆ ಲೆಕ್ಕದ ಹಿಂದೆ ಇದೆಯೆಂದು ನಾನು ಭಾವಿಸುತ್ತೇನೆ.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಮುತ್ತಿದ. ಸೆರೆಯಲ್ಲಿದ್ದ ಮಾಜಿ ಮಂತ್ರಿಯೊಬ್ಬನು ತೋರಿದ ಗುಪ್ತಮಾರ್ಗದಿಂದ ಅವನ ಸೈನ್ಯ ಒಳಹೊಕ್ಕಿತೆಂದು ಇತಿಹಾಸಕಾರರು ಬರೆದಿದ್ದಾರೆ. ವೀರಮ್ಮಾಜಿಯು ಅರಮನೆಗೆ ಬೆಂಕಿಯಿಡಿಸಿ ಬಲ್ಲಾಳರಾಯನದುರ್ಗಕ್ಕೆ ಹೋದಳು. ಅಲ್ಲಿ ಸೆರೆಸಿಕ್ಕಿ ಮಧುಗಿರಿಯಲ್ಲಿ ಬಂಧನದಲ್ಲಿದ್ದು, 1767ರಲ್ಲಿ ಮರಾಠರಿಂದ ಬಿಡುಗಡೆ ಹೊಂದಿ, ಪುಣೆಯ ದಾರಿಯಲ್ಲಿ ತೀರಿಕೊಂಡಳು. ಬಿದನೂರು ಹೈದರ್ ನಗರವಾಗಿ, ಕಾಲಕ್ರಮದಲ್ಲಿ ಬರಿಯ ನಗರವೆಂದಾಯಿತು.

ಅದೇ 1767ರಲ್ಲಿ ಪೂರ್ವಸಮುದ್ರದಾಚೆ ಸಯಾಂ ದೇಶದ ರಾಜಧಾನಿ ಅಯುತ್ಥಯವೂ ಉರಿದುಹೋಯಿತೆಂಬುದನ್ನು ಇಲ್ಲಿ ನೆನೆಯಬಹುದು. ನಮ್ಮ ಅಯೋಧ್ಯೆಯ ಹೆಸರನ್ನೇ ಹೊತ್ತು 1351ರಲ್ಲಿ ಹುಟ್ಟಿ, ನಾಲ್ಕು ಶತಮಾನ ಬಾಳಿದ ಆ ನಗರವನ್ನು ಬರ್ಮದವರು ಸುಟ್ಟರು. 1782ರಲ್ಲಿ ಬ್ಯಾಂಕಾಕಿನಲ್ಲಿ ಹೊಸ ರಾಜಧಾನಿ ಕಟ್ಟುವಾಗ ಹಳೆಯ ನಗರದ ಇಟ್ಟಿಗೆಗಳನ್ನು ಹೊಳೆಯಲ್ಲಿ ಸಾಗಿಸಿದರು. ಅಲ್ಲಿಯೂ ಮರದ ಮನೆಗಳು ಹೋಗಿ ಇಟ್ಟಿಗೆಯ ಸ್ತೂಪಗಳು ಉಳಿದುವು. ಆ ಭಗ್ನಾವಶೇಷಗಳು 1991ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆದರೆ ಆ ಜನ ಇಟ್ಟಿಗೆಯನ್ನಷ್ಟೇ ಆಯ್ದುಕೊಳ್ಳಲಿಲ್ಲ. ಅಳಿದುಳಿದ ಹಳೆಯ ಕಾನೂನುಗಳನ್ನು ಕಲೆಹಾಕಿ, ತಿದ್ದಿ, 1805ರಲ್ಲಿ ಮೂರು ಮುದ್ರೆಗಳ ಸಂಹಿತೆಯೆಂಬ ಗ್ರಂಥವನ್ನು ಸಿದ್ಧಪಡಿಸಿದರು. ಸುಟ್ಟ ರಾಜಧಾನಿಯ ಬದುಕು ಹಾಗೆ ಮುಂದುವರಿಯಿತು.

ನಮ್ಮಲ್ಲಿ ಉಳಿದುದೇನು? ಅರಸನಾಗಿದ್ದ ಬಸವಪ್ಪನಾಯಕನು ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ ಒಂಬತ್ತು ಕಲ್ಲೋಲ, 108 ತರಂಗಗಳ ವಿಶ್ವಕೋಶವಾಗಿ ನಮ್ಮ ಕೈಯಲ್ಲಿದೆ. ಲಿಂಗಣ್ಣಕವಿಯ ‘ಕೆಳದಿನೃಪವಿಜಯಂ’ ಎಂಬ ಚಂಪೂಕಾವ್ಯವಿಲ್ಲದಿದ್ದರೆ ಈ ವಂಶದ ಕಥೆಯನ್ನು ಕ್ರಮವಾಗಿ ಹೇಳುವುದು ಕಷ್ಟವಾಗುತ್ತಿತ್ತು. ಕೆಳದಿ ಗುಂಡಾ ಜೋಯಿಸರು ಮನೆಮನೆ ತಿರುಗಿ ಕೂಡಿಸಿದ ಓಲೆಗರಿ, ಕಡತಗಳು ಕೆಳದಿಯ ವಸ್ತುಸಂಗ್ರಹಾಲಯದಲ್ಲಿವೆ. ಅದು ಈಗ ನಮ್ಮ ಭದ್ರಾವತಿಯ ಬಳಿಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಶರಣಸಾಹಿತ್ಯವನ್ನು ಬಲ್ಲ ಓದುಗರು ಸ್ಥಾವರ-ಜಂಗಮಗಳ ವಿವೇಕವನ್ನು ಇಲ್ಲಿ ನೆನೆಯದೆ ಇರಲಾರರು. ಕಲ್ಲಿನ ಕೋಟೆಯ ಕಾವಲಿದ್ದರೂ ಅರಮನೆ ಹೋಯಿತು. ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಸಾಗಿದ್ದು ಉಳಿಯಿತು.

ಆದರೆ ಅಕ್ಷರವೂ ತಾನಾಗಿಯೇ ಉಳಿಯುವುದಿಲ್ಲ. ಈ ಮಾತನ್ನು ನಾನು ತಪ್ಪೊಪ್ಪಿಗೆಯಾಗಿ ಬರೆಯಬೇಕಾಗಿದೆ. ಹುಣಿಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಮಡಿಕೆ ಮಾಡಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ಅದರ ಮೇಲಿನ ಬರಹವನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ನಮ್ಮ ಹಳ್ಳಿಯ ಮನೆಯ ಅಟ್ಟದ ಮೇಲೆ ಅಂತಹ ಎರಡು ಕಡತಗಳಿದ್ದುವು. ಬಾಲ್ಯದಲ್ಲಿ ನಾನೂ ನನ್ನ ತಮ್ಮನೂ ಅವನ್ನು ಕೆಳಗಿಳಿಸಿ, ಒರೆಸಿ, ಸ್ಲೇಟಿನಂತೆ ಬಳಸಿ ಆಡಿದೆವು. ಹಿರಿಯರು ನೋಡಿ ನಕ್ಕರು. ಅದರಲ್ಲಿ ಇದ್ದುದು ಯಾವ ಊರಿನ ಶಿಸ್ತೋ, ಯಾವ ಮಠದ ದಾಸೋಹದ ಲೆಕ್ಕವೋ, ಯಾರ ಸ್ವರವಚನವೋ ಇನ್ನು ತಿಳಿಯುವಂತಿಲ್ಲ. ಹೈದರನ ಸೈನ್ಯ ಬಾರದ ಹಳ್ಳಿಯಲ್ಲಿ, ಬೆಂಕಿ ತಗುಲದ ಮನೆಯಲ್ಲಿ, ಅಕ್ಷರ ಬಲ್ಲವನ ಮಗನೇ ಅದನ್ನು ಅಳಿಸಿದ.

ಹೀಗಾಗಿ ಈ ಪತ್ರಿಕೆಯ ಓದುಗರಲ್ಲಿ ಒಂದು ವಿನಂತಿ. ಮಲೆನಾಡಿನ ಹಳೆಯ ಮನೆಗಳು ಈಗ ಒಂದೊಂದಾಗಿ ಬಿಚ್ಚಲ್ಪಡುತ್ತಿವೆ. ಅಟ್ಟದ ಮೇಲೆ ಕಪ್ಪು ಬಟ್ಟೆಯ ಕಟ್ಟಾಗಲಿ, ದಾರ ಪೋಣಿಸಿದ ಗರಿಗಳಾಗಲಿ ಕಂಡರೆ ಒರೆಸಬೇಡಿ, ತೊಳೆಯಬೇಡಿ, ಹೊಳೆಗೆ ಬಿಡಬೇಡಿ. ಓದಬಲ್ಲವರ ಕೈಗೆ ಒಮ್ಮೆ ಕೊಡಿ.

ನಗರದ ಕೋಟೆಯಲ್ಲಿ ಈ ಸಲ ನಾನೊಬ್ಬನೇ ಕೊಳದ ಮೆಟ್ಟಿಲಿನ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಆ ಹುಡುಗ ಈಗ ನಡುವಯಸ್ಸಿನವನಾಗಿರಬೇಕು. ಮತ್ತೆ ಸಿಕ್ಕಿ ಅರಮನೆ ಎಲ್ಲಿ ಎಂದು ಕೇಳಿದರೆ, ಅದರ ಮರ ಸುಟ್ಟಿತು, ಮಣ್ಣು ಇಲ್ಲಿಯೇ ನಿನ್ನ ಕಾಲಡಿಯಲ್ಲಿದೆ, ಅದರ ಲೆಕ್ಕ ಮಾತ್ರ ನಿನ್ನ ಅಜ್ಜನ ಮನೆಯ ಅಟ್ಟದಲ್ಲಿ ಇದ್ದರೂ ಇರಬಹುದು, ಹೋಗಿ ನೋಡು ಎಂದು ಹೇಳುತ್ತೇನೆ.